ಕೀ ಜೇಬಲ್ಲಿದ್ದರೆ ಸಾಕಾ?

“ಕೀ ನನ್ನ ಜೇಬಲ್ಲೇ ಇದೆ ಸರ್, ಏನಾಗುತ್ತೆ?”

ಭಾವ ಆಡಿದ ಈ ಒಂದು ಮಾತು ವಾರವಿಡೀ ತಲೆಯಲ್ಲಿ ಸುತ್ತುತ್ತಿದೆ. ಹಾಗೆ ಹೇಳುವಾಗ ಅವರ ಬಲಗೈ ನಮ್ಮ ವಿಮಾನದ ಪ್ರೊಪೆಲ್ಲರ್ ಮೇಲಿತ್ತು. ಎಂಜಿನ್‌ನ ಕೆಳಗಿನ ಕವಚ ಕೂರಿಸಬೇಕಿತ್ತು, ಅದಕ್ಕೆ ಪ್ರೊಪೆಲ್ಲರ್ ಅಡ್ಡಕ್ಕೆ ಬರಬೇಕಿತ್ತು. ಕಾಲು ಸುತ್ತು ತಿರುಗಿಸಿದರೆ ಕೆಲಸ ಮುಗೀತು. ಅಷ್ಟರಲ್ಲಿ ಹಿಂದಿನಿಂದ ಹಿರಿಯರು “ಕೈ ತೆಗೀರಿ” ಅಂದರು. ಭಾವ ನಗುತ್ತಲೇ ಕೀ ವಿಷಯ ಹೇಳಿದರು. ಹಿರಿಯರು ನಗಲಿಲ್ಲ.

“ಜೇಬಲ್ಲಿರೋದು ಕೀ. ಮ್ಯಾಗ್ನೆಟೋ ಇಲ್ಲೇ ಇದೆ. ಕೈ ತೆಗೀರಿ.”

ಮ್ಯಾಗ್ನೆಟೋ ಅಂದರೆ ಎಂಜಿನ್‌ನ ಸ್ಪಾರ್ಕ್ ಪ್ಲಗ್‌ಗಳಿಗೆ ಕಿಡಿ ಒದಗಿಸುವ ಸಾಧನ. ಈ ಹಿರಿಯರು ಉದ್ಯೋಗದುದ್ದಕ್ಕೂ ವಿಮಾನದ ಎಂಜಿನ್ ರಿಪೇರಿ ಮಾಡಿದವರು. ಈಗ ನಿವೃತ್ತರು. ಅವರು ತುಂಬಾ ಹಠ ಮಾಡುತ್ತಾರೆ ಅನ್ನುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ಹೊಗಳಿ ಬೆನ್ನು ತಟ್ಟುವವರು ಬೇಕಾದಷ್ಟು ಜನ ಸಿಗುತ್ತಾರೆ. ಬೇಡ ಅನ್ನಬೇಕಾದಾಗ ಬೇಡ ಅನ್ನುವವರು ಸಿಗೋದು ಕಷ್ಟ.

ನಮ್ಮದು ನಾವೇ ಕಟ್ಟುತ್ತಿರುವ ಎರಡು ಸೀಟಿನ ವಿಮಾನ. ಎಂಜಿನ್ ಲೈಕಮಿಂಗ್ ಓ-320. ನಾಲ್ಕು ಸಿಲಿಂಡರ್, ಒಂದೊಂದಕ್ಕೂ ಎರಡು ಸ್ಪಾರ್ಕ್ ಪ್ಲಗ್, ಎರಡು ಮ್ಯಾಗ್ನೆಟೋ. ತಗಡಿನ ಕೆಲಸ, ರಿವೆಟ್ ಎಲ್ಲ ಭಾವನದು. ಅವರ ಕೈಯಲ್ಲಿ ರಿವೆಟ್ ಸಾಲು ಸ್ಕೇಲ್ ಇಟ್ಟ ಹಾಗೆ ಬರುತ್ತದೆ. ವೈರಿಂಗ್ ನನ್ನ ಪಾಲು. ಈ ವಾರ ಕೀ ಸ್ವಿಚ್‌ನ ವೈರಿಂಗ್ ಮುಗಿದಿತ್ತು, ಮೀಟರ್ ಹಿಡಿದು ಪರೀಕ್ಷಿಸುವುದು ಮಾತ್ರ ಬಾಕಿ. ಹಿಂದಿನ ದಿನ ಪೆಟ್ರೋಲ್ ಪೈಪ್ ಎಲ್ಲಾದರೂ ಸೋರುತ್ತಾ ಅಂತ ನೋಡಲು ಪ್ರೈಮರ್ ಒತ್ತಿದ್ದೆವು. ಅಂದರೆ ಸಿಲಿಂಡರ್ ಒಳಗೆ ಪೆಟ್ರೋಲ್ ಹೋಗಿತ್ತು. ಇದನ್ನು ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಭಾವನ ಮಾತಲ್ಲಿ ತಪ್ಪೇನು ಅಂತ ಕಾರು ಓಡಿಸುವ ಯಾರಿಗೂ ಹೊಳೆಯುವುದಿಲ್ಲ. ಕಾರಿನಲ್ಲಿ ಕೀ ತಿರುಗಿಸಿದರೆ ಬ್ಯಾಟರಿಯ ಕರೆಂಟ್ ಇಗ್ನಿಷನ್‌ಗೆ ಹೋಗುತ್ತದೆ. ಕೀ ತೆಗೆದರೆ ಕರೆಂಟ್ ನಿಲ್ಲುತ್ತದೆ, ಎಂಜಿನ್ ಆರುತ್ತದೆ. ಮ್ಯಾಗ್ನೆಟೋ ಲೆಕ್ಕ ಪೂರ್ತಿ ಉಲ್ಟಾ. ಅದರೊಳಗೆ ಒಂದು ಆಯಸ್ಕಾಂತ, ಒಂದು ಕಾಯಿಲ್ ಇದೆ. ಎಂಜಿನ್ ತಿರುಗಿದರೆ ಆಯಸ್ಕಾಂತವೂ ತಿರುಗಿ, ಕಿಡಿ ತಾನೇ ಹುಟ್ಟುತ್ತದೆ. ಬ್ಯಾಟರಿ ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಅದನ್ನು ಸುಮ್ಮನಾಗಿಸಲು ಒಂದೇ ದಾರಿ. ಕಾಯಿಲ್‌ನಿಂದ ಬರುವ ಪಿ-ಲೀಡ್ ಅನ್ನುವ ತಂತಿಯನ್ನು ಎಂಜಿನ್ ಬಾಡಿಗೆ, ಅಂದರೆ ಗ್ರೌಂಡ್‌ಗೆ ಕೂಡಿಸಬೇಕು. ಕೀ ಆಫ್‌ನಲ್ಲಿದ್ದಾಗ ಸ್ವಿಚ್ ಮಾಡುವ ಕೆಲಸ ಅಷ್ಟೇ, ಎರಡೂ ಮ್ಯಾಗ್ನೆಟೋಗಳ ತಂತಿಯನ್ನು ಗ್ರೌಂಡ್‌ಗೆ ಮುಟ್ಟಿಸುವುದು.

ಹಾಗಾದರೆ ಆ ತಂತಿ ನಡುವೆ ಎಲ್ಲೋ ತುಂಡಾಗಿದ್ದರೆ? ಕೀ ಆಫ್‌ನಲ್ಲಿರಲಿ, ಜೇಬಲ್ಲಿರಲಿ, ಮ್ಯಾಗ್ನೆಟೋ ಪಾಲಿಗೆ ಅದು ಯಾವಾಗಲೂ ಆನ್.

ಕೈಯಲ್ಲಿ ಮೆಲ್ಲಗೆ ತಿರುಗಿಸಿದರೆ ಕಿಡಿ ಬರುತ್ತಾ ಅಂತ ಭಾವ ಆಮೇಲೆ ಕೇಳಿದರು. ಬರುತ್ತದೆ. ನಮ್ಮ ಎಡಗಡೆ ಮ್ಯಾಗ್ನೆಟೋಗೆ ಇಂಪಲ್ಸ್ ಕಪ್ಲಿಂಗ್ ಇದೆ. ಎಂಜಿನ್ ನಿಧಾನ ತಿರುಗುವಾಗ ಅದರ ಸ್ಪ್ರಿಂಗ್ ಬಿಗಿಯಾಗುತ್ತಾ ಹೋಗಿ, ಒಮ್ಮೆಲೇ ‘ಟಕ್’ ಅಂತ ಬಿಡುತ್ತದೆ. ಆಯಸ್ಕಾಂತ ಗಿರ್ರನೆ ತಿರುಗಿ ಒಳ್ಳೆ ಕಿಡಿ ಕೊಡುತ್ತದೆ. ಸ್ಟಾರ್ಟ್ ಆಗಲಿ ಅಂತ ಮಾಡಿದ ಏರ್ಪಾಡು ಅದು. ತಿರುಗಿಸುತ್ತಿರುವುದು ಸ್ಟಾರ್ಟರ್ ಮೋಟರೋ ಮನುಷ್ಯನ ಕೈಯೋ ಅದಕ್ಕೇನು ಗೊತ್ತು?

ಹಿರಿಯರು ಮೊದಲು ಎಲ್ಲ ಸ್ಪಾರ್ಕ್ ಪ್ಲಗ್‌ಗಳ ತಂತಿ ಕಳಚಿಸಿದರು. ಆಮೇಲೆಯೇ ಪಿ-ಲೀಡ್ ಮುಟ್ಟಲು ಬಿಟ್ಟರು. ಈ ಕ್ರಮ ಮುಖ್ಯ, ಯಾಕೆಂದರೆ ಪಿ-ಲೀಡ್ ಬಿಚ್ಚಿದ ಗಳಿಗೆಯಿಂದ ಮ್ಯಾಗ್ನೆಟೋ ಜೀವಂತ. ಬಿಚ್ಚದೆ ಅಳೆಯುವ ಹಾಗೂ ಇಲ್ಲ. ಮ್ಯಾಗ್ನೆಟೋ ಒಳಗಿನ ಪ್ರೈಮರಿ ಕಾಯಿಲ್‌ನ ರೆಸಿಸ್ಟೆನ್ಸ್ ತೀರಾ ಕಡಿಮೆ, ಅದರ ಮೂಲಕವೇ ಮೀಟರ್ ಬೀಪ್ ಅಂದುಬಿಡುತ್ತದೆ. ತಂತಿ ಸರಿಯಿದೆ ಅಂತ ನಾವು ನಂಬಿಬಿಡುತ್ತೇವೆ.

ಮೀಟರ್‌ನ ಒಂದು ಮುಳ್ಳು ಎಂಜಿನ್ ಬಾಡಿಗೆ, ಇನ್ನೊಂದು ಬಿಚ್ಚಿದ ತಂತಿಯ ತುದಿಗೆ. ಕೀ ತಿರುಗಿಸುವುದು ಭಾವನ ಕೆಲಸ. ಬೀಪ್ ಬಂದರೆ ತಂತಿ ಗ್ರೌಂಡ್‌ಗೆ ಕೂಡಿದೆ, ಆ ಮ್ಯಾಗ್ನೆಟೋ ಸುಮ್ಮನಿದೆ ಅಂತ ಅರ್ಥ. ಆಫ್‌ನಲ್ಲಿ ಎರಡೂ ತಂತಿ ಬೀಪ್ ಅನ್ನಬೇಕು. ಬೋತ್‌ನಲ್ಲಿ, ಅಂದರೆ ಎರಡೂ ಮ್ಯಾಗ್ನೆಟೋ ಕೆಲಸ ಮಾಡುವ ಸ್ಥಾನದಲ್ಲಿ, ಎರಡೂ ತಂತಿಗೆ ಬೀಪ್ ಬರಬಾರದು. ಎಲ್‌ನಲ್ಲಿ ಎಡಗಡೆ ಮ್ಯಾಗ್ನೆಟೋ ಮಾತ್ರ, ಆರ್‌ನಲ್ಲಿ ಬಲಗಡೆಯದು ಮಾತ್ರ ಕೆಲಸ ಮಾಡಬೇಕು, ಹಾಗಾಗಿ ಎಲ್‌ನಲ್ಲಿ ಬಲಗಡೆಯ ತಂತಿ, ಆರ್‌ನಲ್ಲಿ ಎಡಗಡೆಯದು ಬೀಪ್ ಅನ್ನಬೇಕು. ಸ್ಟಾರ್ಟ್‌ನಲ್ಲಿ ಬಲಗಡೆಯದು ಮಾತ್ರ. ಈ ಕೊನೆಯದಕ್ಕಾಗಿಯೇ ಸ್ವಿಚ್ ಹಿಂದೆ ಒಂದು ಸಣ್ಣ ಲೋಹದ ಪಟ್ಟಿ ಇದೆ, ಆರ್ ಮತ್ತು ಗ್ರೌಂಡ್ ಟರ್ಮಿನಲ್‌ಗಳ ನಡುವೆ. ಬಲಗಡೆ ಮ್ಯಾಗ್ನೆಟೋಗೆ ಇಂಪಲ್ಸ್ ಕಪ್ಲಿಂಗ್ ಇಲ್ಲ. ಪಿಸ್ಟನ್ ಮೇಲೆ ತಲುಪಲು ಇನ್ನೂ 25 ಡಿಗ್ರಿ ಇರುವಾಗಲೇ ಅದು ಕಿಡಿ ಹಾರಿಸುತ್ತದೆ. ಎಂಜಿನ್ ವೇಗವಾಗಿ ಓಡುವಾಗ ಅದೇ ಸರಿ. ಸ್ಟಾರ್ಟ್ ಮಾಡುವಾಗ ಹಾಗಾದರೆ ಪಿಸ್ಟನ್ ಹಿಂದಕ್ಕೆ ಒದ್ದು ಸ್ಟಾರ್ಟರ್ ಮುರಿಯಬಹುದು. ಎಲ್ ಮತ್ತು ಆರ್ ತಂತಿಗಳು ಅದಲುಬದಲಾದರೆ ಈ ಪಟ್ಟಿ ಬೇಕಾದ ಮ್ಯಾಗ್ನೆಟೋವನ್ನೇ ಬಾಯಿ ಮುಚ್ಚಿಸಿ, ಒದೆಯುವುದನ್ನು ಬಿಟ್ಟುಬಿಡುತ್ತದೆ. ಬಣ್ಣ ನೋಡಿ ಸರಿ ಅಂದರೆ ಸಾಲದು ಅನ್ನೋದು ಇದಕ್ಕೇ.

ಬಲಗಡೆ ತಂತಿ ಎಲ್ಲ ಸ್ಥಾನದಲ್ಲೂ ಸರಿಯಾಗಿ ಉತ್ತರ ಕೊಟ್ಟಿತು. ಎಡಗಡೆಯದಕ್ಕೆ ಮುಳ್ಳು ಹಿಡಿದೆ. “ಆಫ್” ಅಂದರು ಭಾವ.

ಬೀಪ್ ಬರಲಿಲ್ಲ.

“ಆಫ್‌ನಲ್ಲೇ ಇದೆ” ಅಂತ ಮತ್ತೆ ಹೇಳಿದರು. ತಂತಿಯನ್ನು ಸ್ವಲ್ಪ ಬಾಗಿಸಿದೆ, ಬೀಪ್ ಬಂತು. ಬಿಟ್ಟೆ, ಹೋಯಿತು. ತುದಿಯ ರಿಂಗ್ ಟರ್ಮಿನಲ್ ಹಾಕಿಸಿಯೇ ರೆಡಿಮೇಡ್ ತರಿಸಿದ ಶೀಲ್ಡ್ ತಂತಿ ಅದು. ಮೇಲಿನ ಕಪ್ಪು ತೋಳು ಸೀಳಿ ನೋಡಿದೆವು. ತಂತಿಯ ಸಿಪ್ಪೆಯನ್ನು ಸಾಕಷ್ಟು ಸುಲಿಯದೇ ಕ್ರಿಂಪ್ ಒತ್ತಿದ್ದರು. ಟರ್ಮಿನಲ್ ಕಚ್ಚಿಕೊಂಡಿದ್ದು ಸಿಪ್ಪೆಯನ್ನು. ತಾಮ್ರದ ಎಳೆಗಳಲ್ಲಿ ಕೆಲವು ಮಾತ್ರ ಆಗೊಮ್ಮೆ ಈಗೊಮ್ಮೆ ಲೋಹಕ್ಕೆ ತಾಗುತ್ತಿದ್ದವು. ಹೊರಗಿನಿಂದ ಎಷ್ಟು ನೀಟಾಗಿತ್ತು ಅಂದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಯಾರದೋ ಮೈ ಹತ್ತಿರ ಪ್ರೊಪೆಲ್ಲರ್ ತಿರುಗುತ್ತೆ ಅಂತ ಗೊತ್ತಿದ್ದೂ ಒಂದು ಸಲ ಎಳೆದು ನೋಡದೆ ಪ್ಯಾಕ್ ಮಾಡಿದ್ದಾರಲ್ಲ, ಅದಕ್ಕೆ ನನಗೆ ಸಿಟ್ಟಿದೆ.

ಕೀ ಭಾವನ ಕೈಯಲ್ಲೇ ಇತ್ತು. ಅವರು ಅದನ್ನೇ ನೋಡುತ್ತಾ ಕೂತರು.

ಯೋಚಿಸಿದರೆ, ಮ್ಯಾಗ್ನೆಟೋ ಹೀಗಿರುವುದು ನಮ್ಮ ಒಳ್ಳೆಯದಕ್ಕೇ. 1903ರ ರೈಟ್ ಸಹೋದರರ ಎಂಜಿನ್‌ನಲ್ಲೂ ಹಾರುವಾಗ ಕಿಡಿ ಕೊಟ್ಟಿದ್ದು ಮ್ಯಾಗ್ನೆಟೋನೇ. ಆಕಾಶದಲ್ಲಿ ಬ್ಯಾಟರಿ ಸಾಯಲಿ, ಆಲ್ಟರ್ನೇಟರ್ ಕೆಡಲಿ, ಸ್ವಿಚ್‌ನ ತಂತಿಯೇ ಕಿತ್ತುಹೋಗಲಿ, ಎಂಜಿನ್ ಓಡುತ್ತಲೇ ಇರುತ್ತದೆ. ಮೇಲಿರುವವರನ್ನು ಉಳಿಸುವ ಆ ಗುಣವೇ ಕೆಳಗೆ ನಿಂತವರಿಗೆ ಅಪಾಯ. ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನೂ ಇದನ್ನೇ ಆರಿಸುತ್ತೇನೆ. ಆದರೆ ಕೆಳಗೆ ನಿಂತವರಿಗೆ ಅದು ಗೊತ್ತಿರಬೇಕಲ್ವಾ? ಶೆಡ್‌ಗೆ ಬರುವವರೆಲ್ಲ ಮೊದಲು ಮುಟ್ಟೋದೇ ಪ್ರೊಪೆಲ್ಲರ್. ಒರಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಮಕ್ಕಳು ಜೋತು ಬೀಳುತ್ತವೆ. ಕೀ ಕಾಣದಿದ್ದರೆ ಎಲ್ಲರಿಗೂ ಧೈರ್ಯ.

ಅದಕ್ಕೇ ಕೆಲವರು ಕೀ ಬೇಡವೇ ಬೇಡ ಅನ್ನುತ್ತಾರೆ. ಎರಡು ಟಾಗಲ್ ಸ್ವಿಚ್, ಒಂದು ಸ್ಟಾರ್ಟ್ ಬಟನ್ ಹಾಕಿ ಮುಗಿಸುತ್ತಾರೆ. ಅವರ ವಾದದಲ್ಲಿ ಹುರುಳಿದೆ, ಒಂದು ಸ್ವಿಚ್ ಕೆಟ್ಟರೆ ಇನ್ನೊಂದು ಉಳಿಯುತ್ತದೆ. ಆದರೆ ಕಿತ್ತ ಪಿ-ಲೀಡ್ ಮುಂದೆ ಟಾಗಲ್‌ಗೂ ಶಕ್ತಿಯಿಲ್ಲ. ಸವೆದ ಕೀ ಸ್ವಿಚ್‌ಗಳಲ್ಲಿ ಕೀ ಆಫ್‌ಗೆ ಬರುವ ಮೊದಲೇ ಹೊರಗೆ ಬರುವುದುಂಟು. ಸ್ಟಾರ್ಟ್ ಬಿಟ್ಟಾಗ ಕಾಂಟ್ಯಾಕ್ಟರ್, ಅಂದರೆ ಸ್ಟಾರ್ಟರ್‌ಗೆ ಕರೆಂಟ್ ಬಿಡುವ ರಿಲೇ, ಅದರ ಕಾಯಿಲ್‌ನಿಂದ ಏಳುವ ವೋಲ್ಟೇಜ್ ಸ್ವಿಚ್‌ನ ತುದಿಗಳನ್ನು ಸುಡುವುದೂ ಉಂಟು. ಒಂದು ಬಗೆಯ ಕೀ ಸ್ವಿಚ್‌ಗಳ ವಿಷಯದಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 1993ರಲ್ಲಿ ಆದೇಶವನ್ನೇ ಹೊರಡಿಸಿ, ಆ ಕಾಯಿಲ್‌ಗೆ ಡಯೋಡ್ ಹಾಕಿಸಿತು. ನಮ್ಮದಕ್ಕೂ ಹಾಕಿದ್ದೇವೆ. ಕೀ ಇರಲಿ ಅಂತಲೇ ತೀರ್ಮಾನ. ಭಾವನಿಗೆ ಅದು ಇಷ್ಟ. ಒಂದೇ ಕೈಯಲ್ಲಿ ಎಲ್ಲ ಆಗುತ್ತದೆ ಅಂತ ನನಗೂ ಇಷ್ಟ.

ಎಡ, ಬಲ ಎರಡೂ ತಂತಿಗಳ ತುದಿ ಕತ್ತರಿಸಿ ಹೊಸ ಟರ್ಮಿನಲ್ ಹಾಕಿದೆವು. ಹಾಕಿದ ಮೇಲೆ ಜಗ್ಗಿ ನೋಡಿದೆವು. ತಂತಿಯ ಸುತ್ತಲಿನ ಲೋಹದ ಹೆಣಿಗೆಯನ್ನು, ಅಂದರೆ ಶೀಲ್ಡನ್ನು, ಮ್ಯಾಗ್ನೆಟೋ ಕಡೆ ಅದರ ಬಾಡಿಗೆ, ಈ ಕಡೆ ಸ್ವಿಚ್‌ನ ಗ್ರೌಂಡ್ ಟರ್ಮಿನಲ್‌ಗೆ ಕೂಡಿಸಿದೆವು. ಮತ್ತೆ ಎಲ್ಲ ಸ್ಥಾನಗಳನ್ನೂ ಅಳೆದೆವು. ಈ ಸಲ ಮೀಟರ್ ಹಿಡಿದಿದ್ದು ಭಾವ. ಕೇಳದೇ ತಾವೇ ಇನ್ನೊಂದು ಸುತ್ತು ಅಳೆದರು.

ಎಂಜಿನ್ ಸ್ಟಾರ್ಟ್ ಮಾಡುವ ದಿನ ಏನೇನು ನೋಡಬೇಕು ಅಂತ ಹಿರಿಯರು ಬರೆಸಿದ್ದಾರೆ. ಸುಮಾರು 1800 ಆರ್‌ಪಿಎಂನಲ್ಲಿ ಒಂದೊಂದೇ ಮ್ಯಾಗ್ನೆಟೋ ಮೇಲೆ ಓಡಿಸಿದಾಗ 175ಕ್ಕಿಂತ ಜಾಸ್ತಿ ಇಳಿಯಬಾರದು, ಎರಡರ ನಡುವೆ 50ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಸ್ವಲ್ಪವೂ ಇಳಿಯದಿದ್ದರೆ ಖುಷಿಪಡಬೇಡಿ, ಇನ್ನೊಂದು ಮ್ಯಾಗ್ನೆಟೋ ಆಫ್ ಆಗಿಯೇ ಇಲ್ಲದಿರಬಹುದು, ತಂತಿ ಹುಡುಕಿ ಅಂದರು. ಕೊನೆಗೆ ಐಡಲ್‌ನಲ್ಲಿ ಒಂದು ಕ್ಷಣ ಕೀ ಆಫ್‌ಗೆ ತಂದು, ಎಂಜಿನ್ ಆರತೊಡಗುತ್ತಾ ನೋಡಿ, ವಾಪಸ್ ಬೋತ್‌ಗೆ. ನಿಲ್ಲಿಸುವುದು ಮಾತ್ರ ಕೀಯಿಂದಲ್ಲ, ಪೆಟ್ರೋಲ್ ನಿಲ್ಲಿಸುವ ಮಿಕ್ಸ್ಚರ್ ಹಿಡಿಕೆ ಎಳೆದು, ಸಿಲಿಂಡರ್‌ನಲ್ಲಿ ಪೆಟ್ರೋಲ್ ಉಳಿಯದ ಹಾಗೆ. ಆ ದಿನ ಕೀ ತಿರುಗಿಸುವುದು ಭಾವ. ಪ್ರೊಪೆಲ್ಲರ್ ಹತ್ತಿರ ಯಾರೂ ಬಾರದಂತೆ ಹಗ್ಗ ಕಟ್ಟಿ ಕಾಯುವುದು ನಾನು.