ನೀರು ಬಿಡಕ್ಕಾ, ಎಳೆಯಕ್ಕಾ?

ಬುಧವಾರದಿಂದ ಒಂದೇ ಮಾತು ತಲೆಯಲ್ಲಿ ಓಡಾಡುತ್ತಿದೆ. "ಇದು ನೀರು ಬಿಡಕ್ಕಿರೋದಾ, ನೀರು ಎಳೆಯಕ್ಕಿರೋದಾ, ಹೇಳಮ್ಮ?"

ಕೇಳಿದವರು ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಲೇತ್ ಅಂಗಡಿಯ ಯಜಮಾನರು. ಅವರ ಕೈಯಲ್ಲಿದ್ದದ್ದು ನನ್ನ ಕಾರ್ಪೆಟ್ ತೊಳೆಯುವ ಮೆಷಿನ್ನಿನ ವಾಂಡ್. 1.5 ಇಂಚಿನ ಸ್ಟೀಲ್ ಪೈಪು, ತುದಿಯಲ್ಲಿ 12 ಇಂಚು ಅಗಲದ ಬಾಯಿ, ಪಕ್ಕದಲ್ಲಿ ಎರಡು ಹಿತ್ತಾಳೆ ಜೆಟ್. ಜೆಟ್ ಬಿಸಿನೀರು ಬಿಡುತ್ತದೆ, ಬಾಯಿ ಅದನ್ನು ಕೊಳೆ ಸಮೇತ ಎಳೆದುಕೊಳ್ಳುತ್ತದೆ.

"ಎರಡಕ್ಕೂ" ಅಂದೆ.

"ಬಿಡೋದು ಯಾರು ಬೇಕಾದ್ರೂ ಬಿಡ್ತಾರೆ" ಅಂದರು.

ಭಾನುವಾರ ಎಸ್‌ಐಟಿ ಬಡಾವಣೆಯಲ್ಲಿ ರಿಟೈರಾದ ಟೀಚರ್ ಒಬ್ಬರ ಮನೆಯ ಕಾರ್ಪೆಟ್ ತೊಳೆದು ಬಂದಿದ್ದೆವು. ಮಂಗಳವಾರ ಆದರೂ ಒಣಗಿರಲಿಲ್ಲ. ವಾಸನೆ ಶುರುವಾಗಿತ್ತು. "ಮೊಮ್ಮಗೂನ ಕೆಳಗೆ ಬಿಡಕ್ಕಾಗ್ತಿಲ್ಲ ಕಣಮ್ಮ" ಅಂದರು, ಅಷ್ಟೇ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಮೆಷಿನ್ ಮಾರಿದ ಅಂಗಡಿಗೆ ಫೋನ್ ಮಾಡಿದರೆ, ಹಳೇದಾಯ್ತು, ಹೊಸ ವಾಂಡ್ ತಗೊಳ್ಳಿ ಅಂದರು. ಏನಾಗಿದೆ ಅಂತ ಕೇಳಲೇ ಇಲ್ಲ. ಅದು ನನಗೆ ಇವತ್ತಿಗೂ ಬೇಜಾರೇ.

ಯಜಮಾನರು ಮೆಷಿನ್ ಆನ್ ಮಾಡಿಸಿದರು. ದೇವರ ಫೋಟೋ ಮುಂದೆ ಉರಿಯುತ್ತಿದ್ದ ಊದುಬತ್ತಿಯನ್ನು ಕಿತ್ತು ತಂದು, ಪೈಪು ಬಾಯಿಗೆ ಸೇರುವ ವೆಲ್ಡಿಂಗ್ ಸುತ್ತ ನಿಧಾನವಾಗಿ ಆಡಿಸಿದರು. ಒಂದು ಕಡೆ ಹೊಗೆ ಸುಮ್ನೆ ಮೇಲೆ ಹೋಗುತ್ತಿತ್ತು. ಇನ್ನೊಂದು ಕಡೆ ಬಂದಾಗ ದಾರದ ಹಾಗೆ ಸಣ್ಣಗಾಗಿ ಸ್ಟೀಲಿನೊಳಕ್ಕೇ ನುಗ್ಗಿತು. ಕೂದಲೆಳೆಯಂಥ ಬಿರುಕು. ಕಾರ್ಪೆಟ್ಟಿನ ನೀರು ಎಳೆಯಬೇಕಾದ ಮೆಷಿನ್ನು ಅಲ್ಲಿಂದ ಬರೀ ಗಾಳಿ ಕುಡಿಯುತ್ತಿತ್ತು. ಎಷ್ಟು ತಿಂಗಳಿಂದಲೋ!

ಆಮೇಲೆ ಜೆಟ್ ಬಿಚ್ಚಿ ಭೂತಗನ್ನಡಿ ಹಿಡಿದರು. ನಮ್ಮದು ಬೋರ್‌ವೆಲ್ ನೀರು, ಬಿಸಿ ಮಾಡಿದರೆ ಬಿಳಿ ಪುಡಿ ಕಟ್ಟುತ್ತದೆ. ಜೆಟ್ ಕಟ್ಟಿಕೊಂಡಾಗಲೆಲ್ಲ ನಮ್ಮ ಹುಡುಗ ಪಿನ್ನು ಚುಚ್ಚುತ್ತಿದ್ದ. ಹಿತ್ತಾಳೆ ಮೆತ್ತಗಿನ ಲೋಹ. ತೂತು ದೊಡ್ಡದಾಗಿ, ಬೀಸಣಿಗೆ ಹಾಗೆ ಹರಡಬೇಕಾದ ನೀರು ಒಂದೇ ಕಡೆ ಸುರಿಯುತ್ತಿತ್ತು. ಜೆಟ್ ಮೇಲೆ 11002 ಅಂತ ಇರುತ್ತದೆ: 110 ಡಿಗ್ರಿ ಹರಡಬೇಕು, 40 ಪಿಎಸ್‌ಐ ಒತ್ತಡದಲ್ಲಿ ನಿಮಿಷಕ್ಕೆ 0.2 ಗ್ಯಾಲನ್, ಅಂದರೆ ಮುಕ್ಕಾಲು ಲೀಟರ್ ಬಿಡಬೇಕು. ಹುಡುಗ ಒಳ್ಳೆಯವನು, ಕೈ ಚುರುಕು. ಬೆಚ್ಚಗಿನ ನೀರಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಅರ್ಧ ಗಂಟೆ ನೆನೆಸಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಬೇಕು ಅಂತ ನಾನೇ ಹೇಳಿಕೊಟ್ಟಿರಲಿಲ್ಲ.

ಅಂದರೆ ಹಾಕುವುದು ಜಾಸ್ತಿ, ಎಳೆಯುವುದು ಕಮ್ಮಿ. ಇಷ್ಟು ವರ್ಷ ನಾನು ವಿಚಾರಿಸಿದ್ದೆಲ್ಲ ಹಾಕುವುದರ ಬಗ್ಗೆಯೇ. ಎಷ್ಟು ಬಿಸಿ, ಯಾವ ಶಾಂಪೂ, ಎಷ್ಟು ಪ್ರೆಶರ್. ಮನೆಯಲ್ಲೂ ಹಾಗೇ ಅಲ್ವಾ? ಬಟ್ಟೆಗೆ ಸೋಪಿನ ಪುಡಿ ಇನ್ನೊಂದು ಚಮಚ ಹಾಕುತ್ತೇವೆ. ಅದು ಬಟ್ಟೆಯಿಂದ ಪೂರ್ತಿ ಹೋಯಿತಾ ಅಂತ ನೋಡುವವರು ಕಮ್ಮಿ. ಮಕ್ಕಳಿಗೆ ಬುದ್ಧಿ ಹೇಳುವಾಗಲೂ ನಾನು ಮಾಡುವುದು ಇದನ್ನೇ, ಸುರಿಯುತ್ತಲೇ ಇರುತ್ತೇನೆ.

ಬಿರುಕಿಗೆ ಆರ್ಗಾನ್ ವೆಲ್ಡಿಂಗ್ ಆಯಿತು. ಬಾಯಿಯ ಸ್ಟೀಲ್ ಅಂಚು ಒಂದು ಕಡೆ ಸವೆದು ಕಾರ್ಪೆಟ್ಟಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೆ ಟೆಫ್ಲಾನ್ ತುಂಡೊಂದನ್ನು ಮಿಲ್ಲಿಂಗ್ ಮಾಡಿ, ನಡುವೆ ಸೀಳು ಬಿಟ್ಟು ತುಟಿಯ ಹಾಗೆ ಕೂರಿಸಿದರು. ಅಂಚನ್ನು ವಾಟರ್ ಪೇಪರಿನಲ್ಲಿ ಉಜ್ಜಿ, ಉಜ್ಜಿ, ತಮ್ಮ ಕೆನ್ನೆಗೆ ಸವರಿ ನೋಡಿಕೊಂಡರು. "ಚೂಪಿದ್ರೆ ಎಳೆ ಕಿತ್ಕೊಂಡ್ ಬರ್ತದೆ" ಅಂದರು. ಕಾರ್ಪೆಟ್ ಕೆಲಸವನ್ನೇ ನೋಡದ ಮನುಷ್ಯ ಅವರು. ಅವರ ನಂತರ ಆ ಲೇತ್ ಮುಂದೆ ನಿಲ್ಲುವವರು ಮನೆಯಲ್ಲಿ ಯಾರೂ ಇಲ್ಲವಂತೆ. ಕೇಳಿ ಸಂಕಟವಾಯಿತು.

ಗುರುವಾರ ಹೊಸ ಜೆಟ್ ಹಾಕಿ ಟೀಚರ್ ಮನೆಗೆ ಹೋದೆ. ದುಡ್ಡು ಬೇಡ ಅಂದೆ. ಒಂದು ಸಲ ನೀರು ಬಿಟ್ಟು ಎಳೆದರೆ, ಎರಡು ಸಲ ಬರೀ ಎಳೆದೆ. ವಾಂಡ್ ಬೆಣ್ಣೆ ಮೇಲೆ ಜಾರಿದ ಹಾಗೆ ಜಾರಿತು, ಭುಜ ನೋಯಲಿಲ್ಲ. ಮೊದಲ ಸಲ ನೀರು ಅಳೆದೆ. ಹಾಕಿದ್ದು 10 ಲೀಟರ್, ವಾಪಸ್ ಬಂದದ್ದು ಎಂಟೂವರೆ. ಸಂಜೆ ಹೊತ್ತಿಗೆ ಟೀಚರ್ ಅಂಗೈ ಒತ್ತಿ ನೋಡಿ ಮಗುವನ್ನು ಕೆಳಗೆ ಬಿಟ್ಟರು.

ಖುಷಿಗೆ ಯಜಮಾನರಿಗೆ ಫೋನ್ ಮಾಡಿ ಲೆಕ್ಕ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದರು.

"ಇನ್ನೊಂದೂವರೆ ಲೀಟರ್ ಎಲ್ಲೋಯ್ತಮ್ಮ?" ಅಂದರು.