ತಾಯಿ ಕಾರ್ಡಿನಲ್ಲಿ ಎರಡನೇ ತಾರೀಖು

ಚಿತ್ರದುರ್ಗ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ನಾನು ಆರೋಗ್ಯ ಸಹಾಯಕಿ. ಗರ್ಭಿಣಿ ಬಂದರೆ ಕಡೆಯ ಮುಟ್ಟಿನ ದಿನ ಕೇಳಿ, ಒಂಬತ್ತು ತಿಂಗಳು ಏಳು ದಿನ ಕೂಡಿಸಿ, ತಾಯಿ ಕಾರ್ಡಿನಲ್ಲಿ ಹೆರಿಗೆಯ ತಾರೀಖು ಬರೆಯುವುದು ಕೈಗೆ ಕೂತ ಕೆಲಸ. ಆ ರೂಢಿಯೇ ಒಮ್ಮೆ ಕೈಕೊಟ್ಟಿತು.

ಮಲೆನಾಡಿನ ತೋಟದ ಕೂಲಿಗೆ ಹೋಗಿದ್ದ ಹೆಂಗಸೊಬ್ಬಳು 28 ವಾರ ತುಂಬಿದ ಮೇಲೆ ಊರಿಗೆ ಬಂದಳು. ಸ್ಕ್ಯಾನ್ ಆಗಿರಲಿಲ್ಲ. ಹೊಟ್ಟೆಯ ಮೇಲೆ ಗರ್ಭಕೋಶದ ಎತ್ತರಕ್ಕೆ ಟೇಪ್ ಹಿಡಿದರೆ 33 ಸೆಂಟಿಮೀಟರ್. ಈ ಹೊತ್ತಿಗೆ ವಾರವೆಷ್ಟೋ ಸೆಂಟಿಮೀಟರೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಎರಡರ ವ್ಯತ್ಯಾಸ ನಡೆಯುತ್ತದೆ, ಐದು ನಡೆಯುವುದಿಲ್ಲ. ದಿನ ತಪ್ಪಿ ಹೇಳುತ್ತಿದ್ದಾಳೆ ಎಂದುಕೊಂಡೆ. “ಯುಗಾದಿಯ ಮಾರನೇ ದಿನ. ಹೋಳಿಗೆ ಹಬ್ಬ ಮರೆಯುತ್ತೇನೆಯೇ?” ಎಂದಳು. ಸ್ಕ್ಯಾನಿನಲ್ಲಿ ಎರಡು ಹೃದಯ ಬಡಿಯುತ್ತಿದ್ದವು. ಜೋಡಿ ಬಾಳೆಹಣ್ಣು ತಿನ್ನಬೇಡವೆಂದರೂ ಕೇಳಲಿಲ್ಲ ಎಂದು ಅತ್ತೆ ಗೊಣಗಿದರು.

ಕಾರ್ಡಿಗೆ ಅಪಾಯದ ಕೆಂಪು ಗುರುತು ಹಾಕಿದೆ. ಪ್ರತಿ ತಿಂಗಳ 9ರಂದು ನಡೆಯುವ ಗರ್ಭಿಣಿಯರ ತಪಾಸಣೆಗೆ ಕಳುಹಿಸಿದೆ. ಅವಳಿಯಾದರೆ ರಕ್ತಹೀನತೆ, ರಕ್ತದೊತ್ತಡ ಎರಡೂ ಹೆಚ್ಚು ಕಾಡುತ್ತವೆ; ಅವನ್ನೆಲ್ಲ ನೋಡಿಕೊಂಡೆ. ತಾರೀಖು ಮಾತ್ರ ಹಾಗೆಯೇ ಉಳಿಯಿತು, 40 ವಾರದ ಲೆಕ್ಕದ್ದು. ಮನೆಯವರು ಓದಿದ್ದು ಅದೊಂದನ್ನೇ. ಒಂಬತ್ತರಲ್ಲಿ ಸೀಮಂತ, ಆಮೇಲೆ ದಾವಣಗೆರೆಯ ತವರಿಗೆ ಎಂದು ನಿಶ್ಚಯಿಸಿದ್ದರು. 35ನೇ ವಾರದಲ್ಲಿ ನೀರೊಡೆಯಿತು. 108 ಬಂದಾಗ ಹಸಿರು ಬಳೆ ಇನ್ನೂ ಅಂಗಡಿಯ ಕಾಗದದಲ್ಲೇ ಇದ್ದವು. ಒಂದು ಮಗು 1.9 ಕೆ.ಜಿ., ಇನ್ನೊಂದು 1.7. ಹನ್ನೊಂದು ದಿನ ನವಜಾತ ಶಿಶು ಘಟಕದಲ್ಲಿದ್ದು ಮನೆಗೆ ಬಂದವು.

ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರಕ್ಕೆ ಮೊದಲೇ ಹುಟ್ಟುತ್ತವೆ ಎಂಬುದು ನನಗೆ ತಿಳಿಯದ ವಿಷಯವೇನಲ್ಲ. ತಿಳಿದದ್ದನ್ನು ಕಾರ್ಡಿಗೆ ಇಳಿಸಿರಲಿಲ್ಲ, ಅಷ್ಟೇ. ಈಗ ಮೊದಲ ತಾರೀಖಿನ ಪಕ್ಕದಲ್ಲಿ 34 ವಾರದ ತಾರೀಖನ್ನೂ ಬರೆದು, “ಇಷ್ಟರೊಳಗೆ ಚೀಲ ಕಟ್ಟಿ, ಶಿಶು ಘಟಕವಿರುವ ಆಸ್ಪತ್ರೆ ಗೊತ್ತು ಮಾಡಿಕೊಳ್ಳಿ” ಎನ್ನುತ್ತೇನೆ.

ಸ್ಕ್ಯಾನ್ ಚೀಟಿಯಲ್ಲಿ ಮಾಸು ಒಂದೋ ಎರಡೋ ಎಂದೂ ಹುಡುಕುತ್ತೇನೆ. ಒಂದೇ ಮಾಸನ್ನು ಹಂಚಿಕೊಂಡಿದ್ದರೆ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿದುಹೋಗುವ ಭಯವಿದೆ. ಅಂಥವರಿಗೆ 16ನೇ ವಾರದಿಂದ ಹದಿನೈದು ದಿನಕ್ಕೊಮ್ಮೆ ಸ್ಕ್ಯಾನ್ ಬೇಕು. ಮಾಸು ಎಷ್ಟೆಂಬುದು ಸ್ಪಷ್ಟವಾಗಿ ಕಾಣುವುದು 14 ವಾರದೊಳಗೆ. ಆ ಹೆಂಗಸಿನ ಚೀಟಿಯಲ್ಲಿ ಆ ಸಾಲೇ ಇರಲಿಲ್ಲ.

ಕಳೆದ ತಿಂಗಳು ಇನ್ನೊಬ್ಬ ಅವಳಿ ಬಸುರಿಯ ಸೀಮಂತ ಏಳರಲ್ಲೇ ಮುಗಿಯಿತು. ನನ್ನನ್ನೂ ಕರೆದಿದ್ದರು. ಹೊರಡುವಾಗ ಎರಡು ಹೋಳಿಗೆ ಹೆಚ್ಚಿಗೆ ಕಟ್ಟಿಕೊಟ್ಟರು.