ರಾತ್ರಿ 12ರ ಮೇಲೆ ಏನೂ ಕೊಡಬೇಡಿ

ಸರ್ಜಿಕಲ್ ವಾರ್ಡಿಗೆ ನರ್ಸ್ ಆಗಿ ಸೇರಿದ ಹೊಸದರಲ್ಲಿ ಕೇಸ್ ಶೀಟಿನಲ್ಲಿ ಕಣ್ಣುಮುಚ್ಚಿ ಬರೆಯುತ್ತಿದ್ದೆ: ‘ರಾತ್ರಿ 12ರಿಂದ ಎನ್‌ಪಿಓ’, ಅಂದರೆ ಬಾಯಿಗೆ ಏನೂ ಕೊಡಬಾರದು, ನೀರೂ ಸಹ. ಬೆಳಿಗ್ಗೆ 8ರ ಕೇಸಿಗೂ ಅದೇ, ಮಧ್ಯಾಹ್ನದ ಕೇಸಿಗೂ ಅದೇ.

ಒಂದು ದಿನ ಹರ್ನಿಯಾ ಆಪರೇಷನ್ನಿಗೆ ಬಂದ ಅಜ್ಜಿಯೊಬ್ಬರು ಲಿಸ್ಟಿನಲ್ಲಿ ಕೊನೆಯವರು. ಹಿಂದಿನ ರಾತ್ರಿ 8ಕ್ಕೆ ಮುದ್ದೆ ಉಂಡು ಮಲಗಿದ್ದರು. ಮುಂಚಿನ ಕೇಸುಗಳು ಎಳೆದು ಎಳೆದು, ಅವರನ್ನು ಓಟಿಗೆ (ಆಪರೇಷನ್ ಥಿಯೇಟರಿಗೆ) ಕರೆದಾಗ ಮಧ್ಯಾಹ್ನ 3 ಗಂಟೆ. ಲೆಕ್ಕ ಹಾಕಿ, 19 ಗಂಟೆ! “ಒಂದ್ ಗುಟುಕು ನೀರು ಕೊಡವ್ವ” ಅಂತ ಮೂರು ಸಲ ಕೇಳಿದರು. ನಾನು ಹತ್ತಿ ಒದ್ದೆ ಮಾಡಿ ತುಟಿ ಒರೆಸಿದೆ, ಅಷ್ಟೇ. ತಲೆ ಸುತ್ತುತ್ತೆ ಅಂದಾಗ ಡ್ರಿಪ್ ಹಾಕಿದೆವು. ಆಪರೇಷನ್ ಆದಮೇಲೆ ವಾಂತಿ, ಅದಕ್ಕೊಂದು ಇಂಜೆಕ್ಷನ್. ವಾಂತಿಗೆ ಬೇರೆ ಕಾರಣವೂ ಇದ್ದಿರಬಹುದು. ಆದರೆ ಮರುದಿನ ಹೋಗಬೇಕಿದ್ದವರು ಇನ್ನೊಂದು ದಿನ ಉಳಿದರು. ಮಗಳ ಒಂದು ದಿನದ ಕೂಲಿ ಹೋಯಿತು. ಅದು ಯಾವ ಬಿಲ್ಲಿನಲ್ಲೂ ಕಾಣಲಿಲ್ಲ.

ಆಮೇಲೆ ಬಂದ ಅನಸ್ತೇಸಿಯಾ (ಅರಿವಳಿಕೆ) ಡಾಕ್ಟರ್ ಮೇಡಂ ನಮ್ಮ ಶೀಟು ನೋಡಿ ನಕ್ಕುಬಿಟ್ಟರು. ಪ್ರಜ್ಞೆ ತಪ್ಪಿಸಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಾರದು ಅಂತ ತಾನೇ ಉಪವಾಸ? ನೀರು ಹೊಟ್ಟೆಯಲ್ಲಿ ಅಷ್ಟು ಹೊತ್ತು ನಿಲ್ಲುವುದೇ ಇಲ್ಲ. ಅಮೆರಿಕದ ಅನಸ್ತೇಸಿಯಾ ಡಾಕ್ಟರುಗಳ ಸಂಘ 1999ರಲ್ಲೇ ಹೇಳಿದೆ: ನೀರಿಗೆ 2 ಗಂಟೆ, ಹಗುರ ತಿಂಡಿಗೆ 6 ಗಂಟೆ ಬಿಡುವು ಸಾಕು. ಕರಿದದ್ದು, ಮಾಂಸ ತಿಂದಿದ್ದರೆ 8 ಗಂಟೆ ಬೇಕಾಗಬಹುದು. ತುಂಬು ಗರ್ಭಿಣಿ, ಹೊಟ್ಟೆ ನಿಧಾನವಾಗಿ ಖಾಲಿಯಾಗುವ ಶುಗರ್ ಪೇಷಂಟು, ಎಮರ್ಜೆನ್ಸಿ ಕೇಸು, ಇವರ ವಿಷಯ ಬೇರೆ. ಅಲ್ಲಿ ಡಾಕ್ಟರ್ ಹೇಳಿದ್ದೇ ಲೆಕ್ಕ.

ಸರಿ, ಬದಲಾಯಿಸಿದೆವು. ಮೊದಲ ವಾರವೇ ಎಡವಟ್ಟು. “ನೀರು ಕುಡೀಬಹುದು” ಅಂದಿದ್ದೆ. ಪೇಷಂಟಿನ ತಮ್ಮ ಕ್ಯಾಂಟೀನಿನಿಂದ ಕಾಫಿ ತಂದು ಕುಡಿಸಿದ್ದ. ಹಾಲಿಗೆ 6 ಗಂಟೆ ಕಾಯಬೇಕು. ಕೇಸು ಮುಂದಕ್ಕೆ ಹೋಯಿತು, ಒಂದು ದಿನದ ಬೆಡ್ಡೂ ದಂಡ. ತಪ್ಪು ನನ್ನದೇ. ಈಗ ನೇರವಾಗಿ ಹೇಳುತ್ತೇನೆ: “ಬರೀ ನೀರು. ಹಾಲು ಬಿದ್ದ ಕಾಫಿ, ಟೀ ಎರಡೂ ಊಟದ ಲೆಕ್ಕ.”

ದುಡ್ಡಿನ ವಿಷಯಕ್ಕೆ ಬಂದರೆ, ಡ್ರಿಪ್ ಬಾಟಲಿಯಲ್ಲಿ ಉಳಿಯುವುದು ಚಿಲ್ಲರೆ ಕಾಸು. ಜಾಸ್ತಿ ಹೋಗುವುದು ಹೆಚ್ಚುವರಿ ರಾತ್ರಿಯ ಬೆಡ್ಡಿಗೆ, ಮುಂದೆ ಹೋದ ಕೇಸಿಗೆ. ಆಯುಷ್ಮಾನ್ ಕಾರ್ಡಿನಲ್ಲಿ ಆಪರೇಷನ್ನಿಗೆ ಇಷ್ಟು ಅಂತ ಪ್ಯಾಕೇಜ್ ಇರುತ್ತೆ. ಪೇಷಂಟು ಒಂದು ದಿನ ಜಾಸ್ತಿ ಉಳಿದರೆ ಆ ಖರ್ಚು ಆಸ್ಪತ್ರೆ ತಲೆಗೇ ಬರುತ್ತೆ, ಅಲ್ವಾ?

ಈಗ ಲಿಸ್ಟ್ ಹಿಂದೆಮುಂದೆ ಆದರೆ ಓಟಿಯವರು ವಾರ್ಡಿಗೆ ಫೋನ್ ಮಾಡಲೇಬೇಕು. ನಾನು ಕೇಳುವುದು ಒಂದೇ: “ಕೊನೇ ಕೇಸು ಎಷ್ಟೊತ್ತಿಗೆ? ಇನ್ನೊಂದು ಲೋಟ ನೀರು ಕೊಡ್ಲಾ?”